ಬ್ರೌಸರ್ ಚುರುಕಾಗಲು

ಸಿಇಟಿ ಅರ್ಜಿ ತುಂಬುವಾಗ ಪುಟ ತೆರೆದುಕೊಳ್ಳದಿದ್ದರೆ ಎಲ್ಲರೂ ಇಂಟರ್‌ನೆಟ್ಟನ್ನೇ ಬೈಯುತ್ತಾರೆ. ಎಷ್ಟೋ ಸಲ ತಪ್ಪು ಬ್ರೌಸರಿನದು. ಕ್ರೋಮ್ ಬಳಸುವವರು ಸೆಟ್ಟಿಂಗ್ಸ್‌ನ ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ‘ಮೆಮೊರಿ ಸೇವರ್’ ಚಾಲೂ ಮಾಡಿಕೊಳ್ಳಬಹುದು. ಬಳಸದೆ ಬಿಟ್ಟ ಟ್ಯಾಬ್‌ಗಳು ಹಿಡಿದಿಟ್ಟ ಮೆಮೊರಿ ಬಿಡುಗಡೆಯಾಗುತ್ತದೆ. ಬೇಡದ ಎಕ್ಸ್‌ಟೆನ್ಷನ್‌ಗಳನ್ನು ತೆಗೆದುಹಾಕಿ. ಕ್ಯಾಶೆಯನ್ನು ಮಾತ್ರ ದಿನವೂ ಅಳಿಸಬೇಡಿ. ನೋಡಿದ ಪುಟದ ಚಿತ್ರಗಳು ಅಲ್ಲಿ ಉಳಿದಿರುವುದರಿಂದಲೇ ಆ ಪುಟ ಎರಡನೆಯ ಸಲ ಬೇಗ ತೆರೆಯುತ್ತದೆ.

ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದರೆ ಒಬ್ಬೊಬ್ಬರಿಗೂ ಪ್ರತ್ಯೇಕ ಪ್ರೊಫೈಲ್ ಇರಲಿ. ಮಗಳ ಬುಕ್‌ಮಾರ್ಕುಗಳು ಅಪ್ಪನವುಗಳ ಜೊತೆ ಕಲಸಿಹೋಗುವುದಿಲ್ಲ. ಆದರೆ ಪ್ರೊಫೈಲಿಗೆ ಬೀಗವಿಲ್ಲ. ಕಂಪ್ಯೂಟರ್ ಮುಂದೆ ಕುಳಿತ ಯಾರಾದರೂ ಅದನ್ನು ತೆರೆಯಬಹುದು. ಬ್ಯಾಂಕಿನ ಪಾಸ್‌ವರ್ಡನ್ನು ಅಲ್ಲಿ ಉಳಿಸಬೇಡಿ. ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬುವವರು ‘ಗೆಸ್ಟ್’ ವಿಂಡೋ ಬಳಸಿದರೆ, ಮುಚ್ಚಿದೊಡನೆ ಹಿಸ್ಟರಿ ಅಳಿಯುತ್ತದೆ. ಇಳಿಸಿಕೊಂಡ ಅಂಕಪಟ್ಟಿ ಮಾತ್ರ ಅಲ್ಲೇ ಉಳಿಯುತ್ತದೆ. ಅದನ್ನು ಕೈಯಾರೆ ಅಳಿಸಿಯೇ ಏಳಬೇಕು.