ರದ್ದಾದ ರಾತ್ರಿಯ ಪಾಯಿಂಟು ಯಾರಿಗೆ?

ಬೆಂಗಳೂರು ಮತ್ತು ಪುಣೆಯ ನಡುವೆ ಐಟಿ ಮಂದಿಯ ಓಡಾಟ ಇಂದು ನಿನ್ನೆಯದಲ್ಲ. ಇನ್ಫೋಸಿಸ್ 1981ರಲ್ಲಿ ಹುಟ್ಟಿದ್ದೇ ಪುಣೆಯಲ್ಲಿ. ಅದೇ ವರ್ಷ ಅಮೆರಿಕನ್ ಏರ್‌ಲೈನ್ಸ್, ಹಾರಿದ ಮೈಲುಗಳನ್ನು ಲೆಕ್ಕವಿಟ್ಟು ಉಚಿತ ಟಿಕೆಟ್ ಕೊಡುವ ಯೋಜನೆ ತಂದಿತು. 1983ರಲ್ಲಿ ಹಾಲಿಡೇ ಇನ್, ಮ್ಯಾರಿಯಟ್ ಹೋಟೆಲುಗಳೂ ಅದೇ ಹಾದಿ ಹಿಡಿದವು. ಈಗ ಪುಣೆಯ ಹಿಂಜವಡಿಗೆ ವಾರದ ಕೆಲಸಕ್ಕೆಂದು ಹೋಗುವ ನಮ್ಮವರಲ್ಲಿ ಅನೇಕರ ಮೊಬೈಲಿನಲ್ಲಿ ಇಂಥ ಒಂದಾದರೂ ಸದಸ್ಯತ್ವ ಇರುತ್ತದೆ. ಬಿಲ್ಲು ಕಂಪನಿಗೆ, ಪಾಯಿಂಟು ಉದ್ಯೋಗಿಗೆ. ಅಂದುಕೊಂಡಂತೆ ಎಲ್ಲ ನಡೆದರೆ ಯಾರದೂ ತಕರಾರಿಲ್ಲ.

ಆದರೆ ಪ್ರಯಾಣ ಅಂದುಕೊಂಡಂತೆ ನಡೆಯುವುದಿಲ್ಲ. ಪುಣೆಯ ಲೋಹಗಾಂವ್ ವಿಮಾನ ನಿಲ್ದಾಣ ವಾಯುಪಡೆಗೆ ಸೇರಿದ್ದು. ರನ್‌ವೇ ದುರಸ್ತಿಗಾಗಿ 2021ರ ಅಕ್ಟೋಬರ್ 16ರಿಂದ 29ರವರೆಗೆ ಅಲ್ಲಿ ಪ್ರಯಾಣಿಕ ವಿಮಾನಗಳ ಸಂಚಾರವೇ ನಿಂತಿತ್ತು. ಅಷ್ಟು ದೊಡ್ಡ ಕಾರಣವೂ ಬೇಕಿಲ್ಲ. ಮೀಟಿಂಗ್ ಒಂದು ದಿನ ಮುಂದಕ್ಕೆ ಹೋದರೆ ಸಾಕು. ಕಾದಿರಿಸಿದ ಹೋಟೆಲ್ ರೂಮನ್ನು ಗಡುವಿನೊಳಗೆ ರದ್ದು ಮಾಡಿದರೆ ಹಣ ವಾಪಸ್ಸು, ಪಾಯಿಂಟಿಲ್ಲ. ಅದು ನ್ಯಾಯ. ಗಡುವು ದಾಟಿದರೆ ಒಂದು ರಾತ್ರಿಯ ಬಾಡಿಗೆ ಹೋಟೆಲಿಗೆ ಹೋಗುತ್ತದೆ, ಪಾಯಿಂಟು ಸಾಮಾನ್ಯವಾಗಿ ಆಗಲೂ ಸಿಗುವುದಿಲ್ಲ.

ನನ್ನ ಮಟ್ಟಿಗೆ ಇಲ್ಲಿ ಕೇಳಬೇಕಾದ್ದು ಒಂದೇ: ಯೋಜನೆ ಕೆಟ್ಟಾಗ ನಷ್ಟ ಯಾರ ತಲೆಗೆ ಬರುತ್ತದೆ? ನಷ್ಟ ಯಾರದೋ ಪಾಯಿಂಟೂ ಅವರದೇ ಆಗಬೇಕು.

ಕಂಪನಿಯ ಕೆಲಸದ ಪ್ರವಾಸವನ್ನೇ ನೋಡಿ. ಗುರುವಾರದವರೆಗೆ ರೂಮು ಕಾದಿರಿಸಿದೆ, ಕೆಲಸ ಬುಧವಾರವೇ ಮುಗಿಯಿತು. ಅದೇ ಸಂಜೆ ಹೊರಡಬೇಕಾದವರಿಗೆ, ಇನ್ನೊಂದು ರಾತ್ರಿ ಉಳಿದರೆ ಮೇಲಿನ ದರ್ಜೆಯ ಸದಸ್ಯತ್ವಕ್ಕೆ ಒಂದು ರಾತ್ರಿ ಕೂಡುತ್ತದೆ ಎಂಬ ಆಸೆ ಅಡ್ಡ ಬರುತ್ತದೆ. ಕೆಲಸ ಹಿಂಜವಡಿಯಲ್ಲಿ, ಪಾಯಿಂಟಿನ ಆಸೆಗೆ ರೂಮು ಊರಿನ ಇನ್ನೊಂದು ಬದಿಯ ಕೋರೆಗಾಂವ್ ಪಾರ್ಕಿನಲ್ಲಿ! ದಿನಾ ಟ್ಯಾಕ್ಸಿ ಬಾಡಿಗೆ ಬೇರೆ. ಇದನ್ನು ಕಳ್ಳತನ ಎನ್ನಲಾರೆ. ಒಳ್ಳೆಯ ನೌಕರರೂ ಹೀಗೆ ಮಾಡುತ್ತಾರೆ. ಖರ್ಚಿನ ತೀರ್ಮಾನ ಒಬ್ಬರದು, ಹಣ ಇನ್ನೊಬ್ಬರದು, ಲಾಭ ಮತ್ತೆ ತೀರ್ಮಾನ ಮಾಡಿದವರಿಗೇ ಎಂಬ ವ್ಯವಸ್ಥೆಯೇ ಅವರನ್ನು ಅತ್ತ ನೂಕುತ್ತದೆ. ಹೋಟೆಲಿನ ಉದ್ದೇಶವೂ ಅದೇ.

ನಮ್ಮ ಕೇಂದ್ರ ಸರ್ಕಾರ ವಿಮಾನದ ಮೈಲೇಜ್ ಪಾಯಿಂಟುಗಳ ವಿಷಯದಲ್ಲಿ ಸ್ಪಷ್ಟವಾಗಿದೆ. ಹಣಕಾಸು ಸಚಿವಾಲಯದ 2017ರ ಜುಲೈ ಆದೇಶದಂತೆ, ಸರ್ಕಾರಿ ಕೆಲಸದ ಟಿಕೆಟಿನಿಂದ ಬಂದ ಪಾಯಿಂಟು ಇಲಾಖೆಯ ಮುಂದಿನ ಪ್ರಯಾಣಕ್ಕೇ ಬಳಕೆಯಾಗಬೇಕು. ಖಾಸಗಿ ಪ್ರಯಾಣಕ್ಕೆ ಬಳಸಿದರೆ ಇಲಾಖಾ ಕ್ರಮ. ಜರ್ಮನಿಯ ಕಾರ್ಮಿಕ ಸರ್ವೋಚ್ಚ ನ್ಯಾಯಾಲಯವೂ 2006ರಲ್ಲಿ ಇದೇ ಧಾಟಿಯಲ್ಲಿ ತೀರ್ಪು ಕೊಟ್ಟಿತು. ಹೋಟೆಲಿನ ರಾತ್ರಿಗೆ ಬೇರೆ ನ್ಯಾಯ ಯಾಕೆ?

ಹೆಂಡತಿ ಮಕ್ಕಳನ್ನು ಬಿಟ್ಟು, ಹಬ್ಬ ತಪ್ಪಿಸಿಕೊಂಡು ಪರಊರಿನಲ್ಲಿ ಮಲಗುವವರು ಯಾರು ಎಂದು ಕೇಳಬಹುದು. ಈ ಮಾತಿಗೆ ತೂಕವಿದೆ. ಆ ಕಷ್ಟಕ್ಕೆ ಬೆಲೆ ಕಟ್ಟಲೇಬೇಕು. ಆದರೆ ದಿನಭತ್ಯೆಯ ರೂಪದಲ್ಲಿ, ಎಲ್ಲರಿಗೂ ಕಾಣುವಂತೆ, ಕಂಪನಿಯೇ ಕಟ್ಟಬೇಕು. ಪಾಯಿಂಟು ಉದ್ಯೋಗಿಗೇ ಇರಲಿ ಎಂದು ಕಂಪನಿ ಬರೆದು ಕೊಟ್ಟರೆ ನನ್ನ ಅಡ್ಡಿಯಿಲ್ಲ.

ಸ್ವಂತ ದುಡ್ಡಿನಲ್ಲಿ ಹೋಗುವವರ ಕಥೆ ಬೇರೆ. ನೆಂಟರ ಮದುವೆಗೆಂದು ಧಾರವಾಡದಿಂದ ಹೊರಟ ಕುಟುಂಬ, ಮನೆಯಲ್ಲಿ ಯಾರಿಗೋ ಕಾಯಿಲೆಯಾಗಿ ಕೊನೆ ಗಳಿಗೆಯಲ್ಲಿ ಉಳಿದುಬಿಟ್ಟರೆ ನಷ್ಟ ಪೂರ್ತಿ ಅವರದೇ. ಹೋಟೆಲು ಬಾಡಿಗೆ ಉಳಿಸಿಕೊಂಡ ಮೇಲೆ ಆ ಹಣದ ಪಾಯಿಂಟನ್ನು ಅವರ ಖಾತೆಗೆ ಹಾಕಲೇಬೇಕು. ಪಾಯಿಂಟು ತಂಗಿದವರಿಗೆ ಮಾತ್ರ ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಮ್ಯಾರಿಯಟ್‌ನ ಬಾನ್‌ವಾಯ್ ಸೇರಿದಂತೆ ಎಷ್ಟೋ ಯೋಜನೆಗಳಲ್ಲಿ ಪಾಯಿಂಟು ಕೂಡುವುದು ಖರ್ಚಿನ ಲೆಕ್ಕದಲ್ಲೇ. ಕೋವಿಡ್ ಕಾಲದಲ್ಲಿ ತಂಗದವರ ಸದಸ್ಯತ್ವದ ದರ್ಜೆಯನ್ನು ಮ್ಯಾರಿಯಟ್, ಹಿಲ್ಟನ್ ತಾವಾಗಿಯೇ ಮುಂದುವರಿಸಿದವು. ಮನಸ್ಸು ಮಾಡಿದರೆ ನಿಯಮ ಬದಲಾಗುತ್ತದೆ.

ಅಲ್ಲಿಯವರೆಗೆ ಓದುಗರು ಇಷ್ಟು ಮಾಡಬಹುದು. ಹೋಟೆಲಿನದಲ್ಲದ ಬುಕಿಂಗ್ ಆ್ಯಪ್‌ಗಳ ಮೂಲಕ ಕಾದಿರಿಸಿದ ರೂಮಿನಲ್ಲಿ ತಂಗಿದರೂ ಬಹುತೇಕ ಪಾಯಿಂಟಿಲ್ಲ, ಆದ್ದರಿಂದ ಹೋಟೆಲಿನಲ್ಲೇ ನೇರವಾಗಿ ಕಾದಿರಿಸಿ. ಯೋಜನೆ ಬದಲಾದ ದಿನವೇ ಫೋನ್ ಮಾಡಿ, ರದ್ದು ಮಾಡುವ ಮೊದಲು ತಾರೀಖು ಬದಲಿಸಿಕೊಡುತ್ತಾರೆಯೇ ಎಂದು ಕೇಳಿ.