ತಾರಸಿಯ ಬೀಗ ತೆಗೆಯಿರಿ

ಜನವರಿ ಬಂದರೆ ಸಜ್ಜನ್ ರಾವ್ ಸರ್ಕಲ್‌ಗೆ ಹೋಗಿ ಅವರೆಕಾಳು ದೋಸೆ ತಿಂದು ಬರ್ತೀವಿ. ಆ ಅವರೆ ಬಿತ್ತೋದು ಯಾವಾಗ ಅಂದರೆ ಮಾತ್ರ ಮುಖ ಮುಖ ನೋಡ್ತೀವಿ.

ನಾಟಿ ಅವರೆ ಮಳೆಗಾಲದಲ್ಲಿ ರಾಗಿ ಜೊತೆ ನೆಲಕ್ಕೆ ಬೀಳುತ್ತೆ. ಹಗಲು ಚಿಕ್ಕದಾದ ಮೇಲೇ ಹೂ ಬಿಡುತ್ತೆ. ಆ ಕಟ್ಟು ಮೀರಿ ವರ್ಷವಿಡೀ ಬೆಳೆಯೋ ‘ಹೆಬ್ಬಾಳ ಅವರೆ’ ತಳಿ ಕೊಟ್ಟಿದ್ದು ನಮ್ಮೂರಿನ ಕೃಷಿ ವಿಶ್ವವಿದ್ಯಾಲಯವೇ.

ಬಸವನಗುಡಿ, ಚಾಮರಾಜಪೇಟೆಯ ಎಷ್ಟೋ ಹಿತ್ತಿಲುಗಳು ಅಪಾರ್ಟ್‌ಮೆಂಟ್ ಆದವು. ಉಳಿದಿರೋದು ತಾರಸಿ. ನಮ್ಮ ಕಾಲೇಜಿನ ತಾರಸಿಗೆ ಸದಾ ಬೀಗ!

ಒಂದು ಮೂಲೆ ಕೊಟ್ಟರೆ ಸಾಕು. ಆಗಸ್ಟ್‌ನಲ್ಲಿ ಬಿತ್ತಿದ ಅವರೆ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಕಾಯಿ ಬಿಡುತ್ತೆ. ಮೆಂತ್ಯ ಸೊಪ್ಪು ಎರಡು ಇಂಟರ್ನಲ್ಸ್ ನಡುವೆಯೇ ಕೈಗೆ ಬರುತ್ತೆ. ಭಾರ ಆಗುತ್ತೆ, ಸೋರುತ್ತೆ ಅಂತೀರಾ? ಲೆಕ್ಕಕ್ಕೆ ಸಿವಿಲ್‌ನವರಿದ್ದೀವಿ, ರಜೆಯಲ್ಲಿ ಹನಿ ನೀರು ಬಿಡೋಕೆ ಎಲೆಕ್ಟ್ರಾನಿಕ್ಸ್‌ನವರಿದ್ದೀವಿ. ಬೀಗದ ಕೈ ಒಂದು ಕೊಡಿ.