ಡೈನಮೋ ಎಂದರೆ ಕನ್ನಡ ಗದ್ಯಕ್ಕೇಕೆ ಮಡಿ?

ಯಂತ್ರದ ದುರಸ್ತಿಯನ್ನು ಕನ್ನಡದಲ್ಲಿ ಬರೆಯಲಾಗದು, ಅದಕ್ಕೆ ಬೇಕಾದ ಪದಗಳೇ ನಮ್ಮಲ್ಲಿಲ್ಲ ಎಂಬ ಮಾತು ಸಾಹಿತ್ಯ ಗೋಷ್ಠಿಗಳಲ್ಲಿ ಆಗಾಗ ಕೇಳಿಬರುತ್ತದೆ. ಅದಕ್ಕೆ ಉತ್ತರವೆಂಬಂತೆ ಇನ್ನೊಂದು ಪಕ್ಷ ಸಂಸ್ಕೃತದ ಧಾತುಗಳನ್ನು ಜೋಡಿಸಿ ಪಾರಿಭಾಷಿಕ ಪದಕೋಶ ಕಟ್ಟಲು ಹೊರಡುತ್ತದೆ. ಎರಡೂ ಪಕ್ಷಗಳ ತಪ್ಪು ಒಂದೇ. ಬೀದರ್, ಕಲಬುರಗಿಗಳ ಗ್ಯಾರೇಜುಗಳಲ್ಲಿ ದಿನವೂ ಆಡುವ ಕನ್ನಡಕ್ಕೆ ಇಬ್ಬರೂ ಕಿವಿಗೊಟ್ಟಿಲ್ಲ.

ಹೈದರಾಬಾದಿನ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ ನಮ್ಮ ನಗರದಲ್ಲೂ ಕಾರ್ಖಾನೆ ತೆರೆಯಿತು. ಅದೇ ಸಂಸ್ಥೆ 1971ರಲ್ಲಿ ಜೆಕೊಸ್ಲೊವಾಕಿಯಾದ ಜೆಟರ್ ಕಂಪನಿಯ ಸಹಯೋಗದಿಂದ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ತಯಾರಿಕೆಗೆ ತೊಡಗಿತು. 2016ರಲ್ಲಿ ಕೇಂದ್ರ ಸಂಪುಟ ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಒಪ್ಪಿತು. ಕಾರ್ಖಾನೆ ಮುಚ್ಚಿದ ಮಾತ್ರಕ್ಕೆ ಹೊಲದಲ್ಲಿರುವ ಟ್ರ್ಯಾಕ್ಟರ್ ಮಾಯವಾಗುವುದಿಲ್ಲ. ಅದನ್ನು ಉಳಿಸಿಕೊಳ್ಳುವ ವಿದ್ಯೆಯನ್ನು ಯಾರಾದರೂ ಬರೆದಿಡಲೇಬೇಕು.

ಹಳೆಯ ಟ್ರ್ಯಾಕ್ಟರಿನ ಬ್ಯಾಟರಿ ಮತ್ತೆ ಮತ್ತೆ ಇಳಿದರೆ ರೈತ ಹೊಸ ಬ್ಯಾಟರಿ ಕೊಳ್ಳುತ್ತಾನೆ. ದೋಷ ಡೈನಮೋದಲ್ಲಿದ್ದರೆ ಹೊಸದೂ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಸಾವಿರಾರು ರೂಪಾಯಿ ನೀರಿನಲ್ಲಿ ಹೋಮ. ಇದನ್ನು ತಪ್ಪಿಸುವ ಬಗೆಯನ್ನು ಕನ್ನಡದಲ್ಲಿ ಹೇಳಲು ಬಾರದೆ? ಹೇಳಿ ನೋಡೋಣ.

ಇಂಜಿನ್ ನಿಂತಿರುವಾಗ ಸುಸ್ಥಿತಿಯ 12 ವೋಲ್ಟ್ ಬ್ಯಾಟರಿಯಲ್ಲಿ ಮೀಟರು ಸುಮಾರು 12.6 ತೋರಿಸುತ್ತದೆ. ಇಂಜಿನ್ನಿಗೆ ವೇಗ ಕೊಟ್ಟಾಗ ಅದು 14ರ ಆಸುಪಾಸಿಗೆ ಏರಬೇಕು. ಏರದಿದ್ದರೆ ಮೊದಲು ಖರ್ಚಿಲ್ಲದ ತಪಾಸಣೆ: ಬೆಲ್ಟು ಸಡಿಲವಾಗಿದೆಯೆ, ಬ್ಯಾಟರಿಯ ತುದಿಗಳಿಗೆ ಪುಡಿ ಕಟ್ಟಿದೆಯೆ, ಅರ್ತ್ ತಂತಿ ತುಕ್ಕಿನ ಮೇಲೆ ಕೂತಿದೆಯೆ? ಇವೆಲ್ಲ ಸರಿಯಿದ್ದರೆ, ಲ್ಯೂಕಾಸ್ ಮಾದರಿಯ ಡೈನಮೋದಲ್ಲಿ ‘ಡಿ’ ಮತ್ತು ‘ಎಫ್’ ತುದಿಗಳಿಂದ ತಂತಿಗಳನ್ನು ಬಿಡಿಸಿ, ಆ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿ, ಅಲ್ಲಿಗೂ ಡೈನಮೋದ ಮೈಗೂ ಮೀಟರು ಹಿಡಿಯಬೇಕು. ಇಂಜಿನ್ನಿನ ವೇಗವನ್ನು ಮೆಲ್ಲನೆ ಹೆಚ್ಚಿಸಿದಂತೆ ವೋಲ್ಟೇಜು ಸರಸರನೆ ಏರಿದರೆ ಡೈನಮೋ ನಿರ್ದೋಷಿ. 20 ದಾಟಲು ಬಿಡದೆ ಅಲ್ಲಿಗೇ ನಿಲ್ಲಿಸಬೇಕು. ಆಗ ದೋಷವಿರುವುದು ಕಟೌಟಿನಲ್ಲಿ ಅಥವಾ ವೈರಿಂಗಿನಲ್ಲಿ. ಒಂದೆರಡು ವೋಲ್ಟಿನಲ್ಲೇ ನಿಂತುಬಿಟ್ಟರೆ ಸವೆದ ಬ್ರಷ್, ಮಸಿ ಹಿಡಿದ ಕಮ್ಯುಟೇಟರ್, ಕಡಿದ ಫೀಲ್ಡ್ ಕಾಯಿಲ್‌ಗಳನ್ನು ಶಂಕಿಸಬೇಕು.

ಇಷ್ಟರಲ್ಲಿ ಅನುಮಾನವಿದೆ, ಪ್ರಯೋಗವಿದೆ, ಸಾಕ್ಷ್ಯದಿಂದ ನಿರ್ಣಯಕ್ಕೆ ಬರುವ ಕ್ರಮವಿದೆ. ವಿಮರ್ಶೆಯೆಂದು ನಾವು ಮೆಚ್ಚುವ ಗದ್ಯಕ್ಕೂ ಬೇಕಾದದ್ದು ಇದೇ ತಾನೆ? ಡೈನಮೋ, ಕಟೌಟ್ ಹೊರಗಿನ ಪದಗಳೆಂದು ಮೂಗು ಮುರಿಯುವವರು ರಸ್ತೆ, ಕಾಗದ, ದವಾಖಾನೆಗಳೂ ಹಾಗೆಯೇ ಬಂದವೆಂಬುದನ್ನು ನೆನೆಯಲಿ. ಕ್ರಿಯಾಪದವೂ ವಿಭಕ್ತಿಯೂ ನಮ್ಮವಾಗಿರುವ ತನಕ ವಾಕ್ಯ ಕನ್ನಡದ್ದೇ.

‘ಮೆಕ್ಯಾನಿಕ್ಕುಗಳಿಗೆ ಇದೆಲ್ಲ ಗೊತ್ತೇ ಇದೆ, ಬರೆಯುವುದೇಕೆ?’ ಎನ್ನಬಹುದು. ಬಾಯಿಂದ ಬಾಯಿಗೆ ಹರಿಯುವ ವಿದ್ಯೆಯಲ್ಲಿ ಸರಿಯೂ ತಪ್ಪೂ ಒಟ್ಟಿಗೇ ಹರಿಯುತ್ತವೆ. ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕಳಚಿ, ದೀಪ ಆರದಿದ್ದರೆ ಚಾರ್ಜಿಂಗ್ ಸರಿಯೆನ್ನುವ ಹಳೆಯ ಪರೀಕ್ಷೆಯನ್ನೇ ನೋಡಿ. ಡೈನಮೋದ ಜಾಗದಲ್ಲಿ ಆಲ್ಟರ್ನೇಟರ್ ಕೂರಿಸಿದ್ದರೆ ವೋಲ್ಟೇಜು ಒಮ್ಮೆಲೇ ಜಿಗಿದು ಅದರ ಡಯೋಡುಗಳು ಸುಟ್ಟುಹೋಗಬಹುದು. ಈ ಎಚ್ಚರಿಕೆ ಇಂಗ್ಲಿಷ್ ಕೈಪಿಡಿಯಲ್ಲಿ ಭದ್ರವಾಗಿದೆ. ಅದು ತಲುಪಬೇಕಾದವನು ಓದುವುದು ಕನ್ನಡ.

ಇಂಗ್ಲಿಷ್ ಎಂ.ಎ. ಮಾಡಿದ ನನ್ನಂಥವರು ಅನುವಾದಕ್ಕೆಂದು ಕೈಗೆತ್ತಿಕೊಳ್ಳುವುದು ಕಾದಂಬರಿ, ಕವಿತೆಗಳನ್ನೇ. ಕೈಪಿಡಿಯನ್ನು ಮುಟ್ಟಿದರೆ ಮೈಲಿಗೆ. ನಮ್ಮ ಹಿರಿಯರಿಗೆ ಈ ಮಡಿ ಇರಲಿಲ್ಲ. ಶಿವರಾಮ ಕಾರಂತರು ಕಾದಂಬರಿ ಬರೆದ ಕೈಯಲ್ಲೇ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಅಲ್ಲಿ ಭಾಷೆ ಬಡವಾಗಲಿಲ್ಲ, ಬೆಳೆಯಿತು.

ಕನ್ನಡ ಅನ್ನದ ಭಾಷೆಯಾಗಬೇಕೆಂದು ನವೆಂಬರಿನಲ್ಲಿ ಭಾಷಣ ಮಾಡುವವರು ಉಳಿದ ಹನ್ನೊಂದು ತಿಂಗಳಲ್ಲಿ ಒಮ್ಮೆ ಗ್ಯಾರೇಜಿಗೆ ಹೋಗಿ, ಮೇಸ್ತ್ರಿ ಹೇಳಿದ್ದನ್ನು ಕೇಳಿ, ಕೈಪಿಡಿಯೊಡನೆ ತಾಳೆ ನೋಡಿ, ಎರಡು ಪುಟ ಬರೆಯಲಿ. ಆ ಎರಡು ಪುಟ ಓದಿದ ಒಬ್ಬ ರೈತನಿಗೆ ಒಂದು ಬ್ಯಾಟರಿಯ ದುಡ್ಡು ಉಳಿದರೂ ಅದು ಭಾಷಾಸೇವೆಯೇ.